ನೊವುಸ್, ನವ, ನೌ: ನವರಸಪುರದ ಹೆಸರಿನಲ್ಲಿ ಒಂದು ಗುಣವಾಚಕದ ಅರ್ಥ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ತಿಕೋಟೆಯ ದಾರಿ ಹಿಡಿದರೆ ಕೆಲವೇ ಮೈಲುಗಳಲ್ಲಿ ತೊರವೆ ಸಿಗುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣದೊಂದಿಗೆ ಹೆಸರು ಬೆಸೆದುಕೊಂಡ, ನರಸಿಂಹನ ಸನ್ನಿಧಿಯುಳ್ಳ ಈ ಊರಿನ ಆಸುಪಾಸಿನಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ಹೊಸ ರಾಜಧಾನಿಯೊಂದನ್ನು ಕಟ್ಟಿಸಲು ತೊಡಗಿದನು. ಇಂದು ಅದರಲ್ಲಿ ಉಳಿದಿರುವುದು ಸಂಗೀತ ಮಹಲಿನ ಎತ್ತರದ ಕಮಾನು, ಕೆಲವು ಅರಮನೆಗಳ ಅವಶೇಷ ಮತ್ತು ಪೂರ್ಣಗೊಳ್ಳದ ಕೋಟೆಗೋಡೆಯ ತುಂಡುಗಳು. ಕಲ್ಲಿಗಿಂತ ಹೆಚ್ಚು ಗಟ್ಟಿಯಾಗಿ ಉಳಿದದ್ದು ಹೆಸರು. ಅದನ್ನು ಕನ್ನಡದಲ್ಲಿ ಕೆಲವರು ‘ನವರಸಪುರ’ ಎಂದೂ ಕೆಲವರು ‘ನೌರಸಪುರ’ ಎಂದೂ ಬರೆಯುತ್ತಾರೆ. ಇದು ಕೇವಲ ಉಚ್ಚಾರಣೆಯ ಭೇದವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಎರಡು ಬರವಣಿಗೆಗಳ ನಡುವೆ ಒಂದು ಗುಣವಾಚಕದ ಅರ್ಥದ ಪ್ರಶ್ನೆ ಅಡಗಿದೆ. ಆ ಗುಣವಾಚಕ ಸಂಸ್ಕೃತಕ್ಕೂ ಪಾರಸಿಗೂ ಸೇರಿದ್ದು. ಅದರ ಲ್ಯಾಟಿನ್ ಸೋದರನೇ ‘ನೊವುಸ್’. ಈ ಮೂರನೆಯವನನ್ನು ಸಾಕ್ಷಿಗೆ ಕರೆದರೆ ಉಳಿದಿಬ್ಬರ ಜಗಳ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಲ್ಯಾಟಿನ್ನಿನ ‘ನೊವುಸ್’ ಶಬ್ದಕ್ಕೆ ‘ಹೊಸ’ ಎಂದು ಒಂದೇ ಮಾತಿನಲ್ಲಿ ಅರ್ಥ ಹೇಳುವುದು ವಾಡಿಕೆ. ನಿಘಂಟಿಗೆ ಅದು ಸಾಕು, ಓದಿಗೆ ಸಾಲದು. ರೋಮಿನವರು ‘ಈಗಷ್ಟೇ ಬಂದದ್ದು, ತಾಜಾ’ ಎನ್ನುವುದಕ್ಕೆ ‘ರೆಕೆನ್ಸ್’ ಎಂಬ ಬೇರೆ ಶಬ್ದವನ್ನು ಇಟ್ಟುಕೊಂಡಿದ್ದರು. ‘ನೊವುಸ್’ ಅದಕ್ಕಿಂತ ತೀಕ್ಷ್ಣವಾದದ್ದು: ಹಿಂದೆ ಇರಲೇ ಇಲ್ಲವೆಂಬುದು ಅದರ ತಿರುಳು. ಹಿಂದೆ ಇಲ್ಲದ್ದು ಕಂಡಾಗ ಹಿಗ್ಗೂ ಆಗಬಹುದು, ಅಂಜಿಕೆಯೂ ಆಗಬಹುದು. ಆದ್ದರಿಂದ ಆ ಶಬ್ದಕ್ಕೆ ‘ವಿಚಿತ್ರ’, ‘ಕೇಳರಿಯದ’, ‘ಅಪಾಯಕರ’ ಎಂಬ ಅರ್ಥಚ್ಛಾಯೆಗಳು ಸಹಜವಾಗಿಯೇ ಅಂಟಿಕೊಂಡವು. ‘ರೇಸ್ ನೊವೈ’ ಎಂದರೆ ಅಕ್ಷರಶಃ ‘ಹೊಸ ಸಂಗತಿಗಳು’. ರೋಮಿನ ರಾಜಕೀಯದ ಭಾಷೆಯಲ್ಲಿ ಅದು ‘ದಂಗೆ, ಕ್ಷೋಭೆ’. ತನ್ನ ಮನೆತನದಲ್ಲಿ ಮೊದಲಿಗನಾಗಿ ಉನ್ನತ ಅಧಿಕಾರಕ್ಕೆ ಏರಿದವನನ್ನು ‘ನೊವುಸ್ ಹೊಮೊ’, ಅಂದರೆ ‘ಹೊಸ ಮನುಷ್ಯ’ ಎನ್ನುತ್ತಿದ್ದರು. ಕ್ರಿ.ಪೂ. 63ರಲ್ಲಿ ಕಾನ್ಸಲ್ ಪದವಿಗೇರಿದ ಸಿಸೆರೊ ಈ ಮಾತನ್ನು ಹೆಮ್ಮೆಯಿಂದ ಹೊತ್ತನು. ಅವನ ವಿರೋಧಿಗಳು ಅದನ್ನೇ ಹಳಿಯಲು ಬಳಸಿದರು. ಶಬ್ದ ಒಂದೇ, ಆಡುವ ಬಾಯಿ ಬೇರೆ.

ಇದರ ಶ್ರೇಷ್ಠತಾವಾಚಕ ರೂಪ ಇನ್ನೂ ಕುತೂಹಲಕರವಾದದ್ದು. ‘ಇನ್ನೂ ಹೊಸ’ ಎಂಬ ನಡುವಿನ ರೂಪ ಲ್ಯಾಟಿನ್ನಿನಲ್ಲಿ ಇಲ್ಲವೆಂಬಷ್ಟು ವಿರಳ. ‘ಅತ್ಯಂತ ಹೊಸ’ ಎಂಬ ‘ನೊವಿಸ್ಸಿಮುಸ್’ ಮಾತ್ರ ಧಾರಾಳವಾಗಿದೆ. ಆದರೆ ಅದರ ಬಳಕೆಯ ಅರ್ಥ ‘ಕಟ್ಟಕಡೆಯ’ ಎಂದು. ಸೀಸರನ ಯುದ್ಧಕಥನದಲ್ಲಿ ಈ ಗುಣವಾಚಕ ಸೈನ್ಯಕ್ಕೆ ಸೇರಿ ಬಂದಾಗ ಅದು ದಂಡಿನ ಹಿಂಬದಿಯ ಪಡೆಯನ್ನು ಸೂಚಿಸುತ್ತದೆ. ಎಲ್ಲರಿಗಿಂತ ಹೊಸದಾಗಿ ಬಂದದ್ದು ಸಾಲಿನ ತುದಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಹೊಸದೇ ಕೊನೆಯದು. ಕನ್ನಡದ ವಿಮರ್ಶಕನಿಗೆ ಈ ಅರ್ಥಪಲ್ಲಟ ಅಪರಿಚಿತವೇನಲ್ಲ. ನವೋದಯದ ಬಳಿಕ ಬಂದ ‘ನವ್ಯ’ವು ತನ್ನ ಹೆಸರಿನಲ್ಲೇ ಹೊಸತನವನ್ನು ಕೆತ್ತಿಸಿಕೊಂಡಿತು. ಈಗ ಆ ಹೆಸರು ಸಾಹಿತ್ಯಚರಿತ್ರೆಯ ಮುಗಿದುಹೋದ ಒಂದು ಘಟ್ಟದ ಗುರುತು. ಗುಣವಾಚಕವು ಅಂಕಿತನಾಮವಾದ ಕ್ಷಣವೇ ಅದರ ಗುಣ ಹೆಪ್ಪುಗಟ್ಟುತ್ತದೆ.

ಕನ್ನಡದ ‘ಹೊಸ’ ಶಬ್ದವು ಹಳಗನ್ನಡದ ‘ಪೊಸ’ದಿಂದ, ‘ಪ’ಕಾರವು ‘ಹ’ಕಾರವಾಗುವ ಪರಿಚಿತ ನಿಯಮದಂತೆ ಬಂದದ್ದು, ತಮಿಳಿನ ‘ಪುದು’ ಇದರ ಸಮೀಪದ ಬಂಧು. ಲ್ಯಾಟಿನ್ನಿನ ಗುಣವಾಚಕಕ್ಕೂ ಇದಕ್ಕೂ ವ್ಯಾಕರಣದಲ್ಲೇ ಭೇದವಿದೆ. ‘ನೊವುಸ್’ ತನ್ನ ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನೆಲ್ಲ ತಾನೂ ತೊಡಬೇಕು: ಗಂಡಿಗೆ ನೊವುಸ್, ಹೆಣ್ಣಿಗೆ ನೊವಾ, ನಪುಂಸಕಕ್ಕೆ ನೊವುಮ್. ಕನ್ನಡದ ‘ಹೊಸ’ ಯಾವುದನ್ನೂ ತೊಡುವುದಿಲ್ಲ. ಹೊಸ ಮನೆ, ಹೊಸ ಮನೆಗಳಲ್ಲಿ, ಹೊಸ ಸೊಸೆಯಿಂದ ಎಂಬಲ್ಲೆಲ್ಲ ಅದು ಅದೇ ಎರಡಕ್ಷರ. ಸ್ವತಂತ್ರವಾಗಿ ನಿಲ್ಲಬೇಕಾದರೆ ಮಾತ್ರ ಅದು ‘ಹೊಸದು’, ‘ಹೊಸಬ’, ‘ಹೊಸಬಳು’ ಎಂದು ನಾಮವಾಗಿ ಮಾರ್ಪಡಬೇಕು. ಗುಣವಾಚಕವೆಂಬ ವರ್ಗ ಎಲ್ಲ ಭಾಷೆಗಳಲ್ಲೂ ಒಂದೇ ಬಗೆಯಲ್ಲಿ ಇರುವುದಿಲ್ಲ ಎಂಬುದನ್ನು ಡಿ.ಎನ್. ಶಂಕರ ಭಟ್ಟರು 1994ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಇದನ್ನು ಮರೆತು ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರೆಯುವ ಹಳೆಯ ಶಾಲಾ ವ್ಯಾಕರಣಗಳ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ.

ಬಳಕೆಯಲ್ಲಿಯೂ ಎರಡೂ ಶಬ್ದಗಳು ಒಂದೇ ದಾರಿಯಲ್ಲಿ ನಡೆದು ನಡುವೆ ಅಗಲುತ್ತವೆ. ‘ಹೊಸಬ’ ಎಂದರೆ ಊರಿಗೆ ಹೊಸಬ, ಕೆಲಸಕ್ಕೆ ಹೊಸಬ. ಅದರಲ್ಲಿ ‘ನೊವುಸ್ ಹೊಮೊ’ದ ಅಧಿಕಾರದ ಸೂಚನೆ ಇಲ್ಲ, ಅಪರಿಚಿತತೆಯ ಸೂಚನೆ ಇದೆ. ಆದಿಲಶಾಹಿ ದರ್ಬಾರಿನಲ್ಲಿ ಇರಾನಿನ ಕಡೆಯಿಂದ ಬಂದ ಹೊಸಬರನ್ನು ‘ಗರೀಬ’, ‘ಆಫಾಕಿ’ ಎಂದು ಕರೆದು ಸ್ಥಳೀಯ ದಖನಿಗಳಿಂದ ಬೇರ್ಪಡಿಸುತ್ತಿದ್ದರು. ಅಲ್ಲಿ ‘ಗರೀಬ’ ಎಂದರೆ ಬಡವನಲ್ಲ, ಪರಸ್ಥಳದವನು. ಇನ್ನೊಂದು ಉದಾಹರಣೆ ಲೆಕ್ಕದ ಪುಸ್ತಕದ್ದು. ರೋಮಿನಲ್ಲಿ ‘ತಬುಲೈ ನೊವೈ’ ಅಂದರೆ ‘ಹೊಸ ಕಡತಗಳು’ ಎಂಬ ಕೂಗು ಎದ್ದಿತೆಂದರೆ ಹಳೆಯ ಸಾಲಗಳನ್ನು ಅಳಿಸಿಹಾಕಬೇಕೆಂಬ ಬೇಡಿಕೆ ಎದ್ದಿತೆಂದೇ ಅರ್ಥ. ಕ್ಯಾಟಿಲೀನನ ಒಳಸಂಚಿನ ಕಾಲಕ್ಕೆ ಸಾಲಗಾರರಿಗೆ ಅದು ಆಸೆಯ ಮಾತು, ಸಾಹುಕಾರರಿಗೆ ನಡುಕದ ಮಾತು. ವಿಜಯಪುರದ ಪೇಟೆಯಲ್ಲಿಯೂ ದೀಪಾವಳಿಗೆ ಹೊಸ ಖಾತೆಪುಸ್ತಕಕ್ಕೆ ಕುಂಕುಮವಿಟ್ಟು ಪೂಜಿಸುವುದುಂಟು. ಆದರೆ ಇಲ್ಲಿಯ ಹೊಸ ಪುಸ್ತಕದ ಮೊದಲ ಪುಟಕ್ಕೆ ಹಳೆಯ ಬಾಕಿ ತಪ್ಪದೆ ಏರಿಬರುತ್ತದೆ. ತಿಕೋಟೆಯ ದ್ರಾಕ್ಷಿ ಬೆಳೆಗಾರನಾಗಲಿ ಬಬಲೇಶ್ವರದ ಒಕ್ಕಲಿಗನಾಗಲಿ ಹೊಸ ಪುಸ್ತಕವೆಂದ ಮಾತ್ರಕ್ಕೆ ಸಾಲ ತೀರಿತೆಂದು ಎಂದೂ ತಿಳಿದವನಲ್ಲ. ಗುಣವಾಚಕ ಒಂದೇ, ವಿಶೇಷ್ಯವೂ ಒಂದೇ. ಅರ್ಥವನ್ನು ನಿರ್ಧರಿಸಿದ್ದು ಸಮಾಜದ ರೂಢಿ.

ಇನ್ನು ಮೂಲ ಪ್ರಶ್ನೆಗೆ ಬರಬೇಕು. 1786ರಲ್ಲಿ ವಿಲಿಯಂ ಜೋನ್ಸ್ ಕಲಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಾಂಧವ್ಯವನ್ನು ಸಾರಿದ ಮೇಲೆ ಬೆಳೆದ ಭಾಷಾವಿಜ್ಞಾನವು ಲ್ಯಾಟಿನ್ನಿನ ‘ನೊವುಸ್’, ಸಂಸ್ಕೃತದ ‘ನವ’, ಪಾರಸಿಯ ‘ನೌ’ ಮೂರೂ ಒಂದೇ ಬೇರಿನವೆಂದು ಒಪ್ಪಿದೆ. ಈ ಭಾಷೆಗಳ ‘ಒಂಬತ್ತು’ ಎಂಬ ಸಂಖ್ಯಾವಾಚಕಗಳೂ ಪರಸ್ಪರ ಸಂಬಂಧಿಗಳೇ: ಲ್ಯಾಟಿನ್ನಿನಲ್ಲಿ ‘ನೊವೆಮ್’, ಸಂಸ್ಕೃತದಲ್ಲಿ ‘ನವ’, ಪಾರಸಿಯಲ್ಲಿ ‘ನುಹ್’. ಒಂಬತ್ತು ಎಂಬುದು ನಾಲ್ಕು ನಾಲ್ಕರ ಎರಡು ಗುಂಪು ಮುಗಿದ ಮೇಲೆ ಬರುವ ‘ಹೊಸ’ ಸಂಖ್ಯೆ ಎಂದು ಊಹಿಸಿ ಎರಡನ್ನೂ ಒಂದೇ ಮೂಲಕ್ಕೆ ಸೇರಿಸಿದ ವಿದ್ವಾಂಸರುಂಟು. ಅದು ಊಹೆಯ ಮಟ್ಟದಲ್ಲಿಯೇ ಇದೆ. ಗಮನಿಸಬೇಕಾದದ್ದು ಪ್ರತಿ ಭಾಷೆಯಲ್ಲಿ ಈ ಎರಡು ಶಬ್ದಗಳು ಕಿವಿಗೆ ಎಷ್ಟು ದೂರ ಎಂಬುದು. ಲ್ಯಾಟಿನ್ನಿನಲ್ಲಿ ಪ್ರತ್ಯಯ ಅವುಗಳನ್ನು ಬೇರ್ಪಡಿಸುತ್ತದೆ. ಪಾರಸಿಯಲ್ಲಿ ‘ನೌ’ ಮತ್ತು ‘ನುಹ್’ ಬೇರೆಬೇರೆಯಾಗಿ ಕೇಳಿಸುತ್ತವೆ. ಪಾರಸಿ ಬಲ್ಲವನಿಗೆ ‘ನೌ’ ಎಂದರೆ ಹೊಸದೇ, ‘ನೌರೋಜ್’ ಹೊಸ ದಿನವೇ. ದಖನಿಯಲ್ಲಿ ಇದು ತಿರುಗುಮುರುಗು: ಅಲ್ಲಿ ‘ನೌ’ ಎಂದರೆ ಒಂಬತ್ತು, ಹೊಸದಕ್ಕೆ ‘ನವಾ’, ‘ನಯಾ’ ಎಂಬ ರೂಪಗಳಿವೆ. ಕನ್ನಡದ ‘ಹೊಸ’ ಮತ್ತು ‘ಒಂಬತ್ತು’ ಒಂದಕ್ಕೊಂದು ಮುಖವನ್ನೇ ಕಾಣದ ಶಬ್ದಗಳು. ಸಂಸ್ಕೃತದ ಸಮಾಸದಲ್ಲಿ ಮಾತ್ರ ಎರಡೂ ‘ನವ’ ಎಂದೇ ನಿಂತು ಪೂರ್ಣ ಶ್ಲೇಷಕ್ಕೆ ಎಡೆಮಾಡುತ್ತವೆ.

ಸಂಸ್ಕೃತದಿಂದ ಕನ್ನಡಕ್ಕೆ ಬಂದ ಸಮಾಸಗಳಲ್ಲಿ ಈ ಶ್ಲೇಷವನ್ನು ಬಿಡಿಸುವುದು ಉತ್ತರಪದ. ನವಗ್ರಹ, ನವರತ್ನ, ನವಧಾನ್ಯ, ನವರಾತ್ರಿ ಎಂಬಲ್ಲಿ ಎಣಿಸಿಟ್ಟ ಒಂದು ಗಣವಿದೆ, ಆದ್ದರಿಂದ ‘ಒಂಬತ್ತು’. ನವದಂಪತಿ, ನವಜಾತ, ನವಯುಗ ಎಂಬಲ್ಲಿ ಅಂಥ ಗಣವಿಲ್ಲ, ಆದ್ದರಿಂದ ‘ಹೊಸ’. ‘ರಸ’ದ ವಿಚಾರದಲ್ಲಿ ಈ ಸೂತ್ರ ಸೋಲುತ್ತದೆ. ಹಣ್ಣಿನ ರಸವನ್ನು ಎಣಿಸಲಾಗುವುದಿಲ್ಲ, ಕಾವ್ಯದ ರಸವನ್ನು ಎಣಿಸುತ್ತಾರೆ. ಅದನ್ನೂ ಭರತನು ಎಂಟೆಂದು ಎಣಿಸಿದ್ದನ್ನು ಮುಂದಿನವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಒಂಬತ್ತನೆಯದೇ ಹೊಸದಾಗಿ ಬಂದದ್ದು ಎಂಬುದು ಈ ಚರ್ಚೆಯಲ್ಲಿ ಸುಮ್ಮನೆ ನೆನೆಯಬಹುದಾದ ಮಾತು. ಸಂಸ್ಕೃತದ ‘ರಸ’ಕ್ಕೂ ಲ್ಯಾಟಿನ್ನಿನಲ್ಲಿ ಬಂಧುವೊಂದಿದೆಯೆಂದು ನಿರುಕ್ತಕಾರರು ಹೇಳುತ್ತಾರೆ: ಅದು ಇಬ್ಬನಿ ಎಂಬ ಅರ್ಥದ ‘ರೋಸ್’.

ಪಾರಸಿಯ ‘ನೌರಸ’ ಶಬ್ದದ ಉತ್ತರಾರ್ಧಕ್ಕೆ ಈ ರಸದೊಂದಿಗೆ ಯಾವ ನೆಂಟಸ್ತಿಕೆಯೂ ಇಲ್ಲ. ಅದು ‘ರಸೀದನ್’ ಅಂದರೆ ತಲುಪು, ಬಂದು ಸೇರು, ಮಾಗು ಎಂಬ ಕ್ರಿಯಾಪದದ ಧಾತು. ‘ನೌರಸ’ ಎಂದರೆ ಹೊಸದಾಗಿ ಬಂದದ್ದು, ಈಗಷ್ಟೇ ಮಾಗಿದ್ದು. ಮರದ ಮೊದಲ ಹಣ್ಣಿಗೂ ಹರೆಯಕ್ಕೂ ಸಲ್ಲುವ ಗುಣವಾಚಕ. ಲ್ಯಾಟಿನ್ನಿನ ಮಾತಿನಲ್ಲಿ ಹೇಳುವುದಾದರೆ ಇದು ‘ನೊವುಸ್’ಗಿಂತ ‘ರೆಕೆನ್ಸ್’ಗೆ ಹತ್ತಿರ: ಬೆದರಿಕೆಯಿಲ್ಲದ, ತಾಜಾತನದ ಹೊಸದು. ಹೀಗೆ ಇಬ್ರಾಹಿಮನ ದರ್ಬಾರಿನಲ್ಲಿ ಒಂದೇ ಶಬ್ದವನ್ನು ಉಚ್ಚರಿಸಿದಾಗ ಇರಾನಿನ ಕವಿಗೆ ಹೊಸ ಹಣ್ಣು ಕಾಣಿಸಿತು, ದಖನಿ ಗಾಯಕನಿಗೆ ಒಂಬತ್ತು ರಸ ಕೇಳಿಸಿತು, ಸಂಸ್ಕೃತ ಬಲ್ಲವನಿಗೆ ಒಂಬತ್ತು ರಸದ ಜೊತೆಗೆ ಹೊಸ ರಸವೂ ಹೊಳೆಯಿತು.

ಇದು ಆಕಸ್ಮಿಕವಲ್ಲ ಎಂಬುದಕ್ಕೆ ಆಧಾರ ಸಮಕಾಲೀನರಲ್ಲಿಯೇ ಇದೆ. ಇಬ್ರಾಹಿಂ ತನ್ನ ಗೇಯಪದಗಳ ಸಂಗ್ರಹಕ್ಕೆ ‘ಕಿತಾಬ್-ಎ-ನೌರಸ’ ಎಂದು ಹೆಸರಿಟ್ಟನು. ನಜೀರ್ ಅಹಮದರು 1956ರಲ್ಲಿ ಸಂಪಾದಿಸಿದ ಪಾಠದಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಸರಸ್ವತಿ, ಗಣಪತಿಯರ ಸ್ತುತಿಯೂ ಬಂದಾ ನವಾಜರ ಭಕ್ತಿಯೂ ಅಕ್ಕಪಕ್ಕ ನಿಲ್ಲುವ ಈ ದಖನಿ ಕೃತಿಗೆ ಜುಹೂರಿ ಪಾರಸಿಯಲ್ಲಿ ಮುನ್ನುಡಿ ಬರೆದನು. ಹೆಸರಿನ ವಿವರಣೆಗೆ ಬಂದಾಗ ಅವನು ಹಿಂದದವರು ತಿಳಿಯುವ ಒಂಬತ್ತು ರಸಗಳ ಅರ್ಥವನ್ನೂ ಪಾರಸಿಯವರು ತಿಳಿಯುವ ಹೊಸ ಫಲದ ಅರ್ಥವನ್ನೂ ಎದುರೆದುರು ಇಟ್ಟು ಎರಡನ್ನೂ ಒಪ್ಪುತ್ತಾನೆ. ಅರಸನಿಗೆ ಆ ಶಬ್ದದ ಮೇಲೆ ಎಂಥ ಮೋಹವಿತ್ತೆಂದರೆ ಕೃತಿಗಿಟ್ಟ ಹೆಸರನ್ನೇ ನಗರಕ್ಕೂ ಉತ್ಸವಕ್ಕೂ ಇಟ್ಟನು. ಫಿರಿಶ್ತಾ ಬರೆದ ಚರಿತ್ರೆಗೆ ಸಹ ‘ಗುಲ್ಶನ್-ಎ-ಇಬ್ರಾಹಿಮೀ’ ಎಂಬುದರ ಜೊತೆಗೆ ‘ನೌರಸನಾಮಾ’ ಎಂಬ ಹೆಸರು ಸಂದಿತು.

ಇಲ್ಲಿ ಲಿಪಿಯ ಪಾತ್ರವನ್ನು ಬಹುಮಟ್ಟಿಗೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಪಾರಸಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ನೂನ್, ವಾವ್, ರೇ, ಸೀನ್ ಎಂಬ ನಾಲ್ಕು ಅಕ್ಷರಗಳನ್ನು ಸಾಲಾಗಿ ಬರೆದರೆ ಅದನ್ನು ‘ನೌರಸ’ ಎಂದೂ ‘ನವರಸ’ ಎಂದೂ ಓದಬಹುದು. ‘ವಾವ್’ ಅಕ್ಷರವು ‘ಔ’ಕಾರದ ಭಾಗವೂ ಆಗಬಲ್ಲದು, ‘ವ’ಕಾರವೂ ಆಗಬಲ್ಲದು. ಬರೆದವನು ತೀರ್ಪು ಕೊಡಬೇಕಾಗಿಲ್ಲ. ಓದುವವನ ನಾಲಗೆ ತನ್ನ ಭಾಷೆಯ ಕಡೆಗೆ ತಾನೇ ಒಲಿಯುತ್ತದೆ. ಕನ್ನಡ ಲಿಪಿ ಇಂಥ ಸಡಿಲಿಕೆಯನ್ನು ಕೊಡುವುದಿಲ್ಲ. ಅಲ್ಲಿ ‘ನವ’ ಎಂದೋ ‘ನೌ’ ಎಂದೋ ಬರೆಯಲೇಬೇಕು, ಬರೆದೊಡನೆ ಒಂದು ಬಾಗಿಲು ಮುಚ್ಚಲೇಬೇಕು. ಸ್ವರಗಳನ್ನು ಸ್ಪಷ್ಟವಾಗಿ ಗುರುತಿಸುವುದು ನಮ್ಮ ಲಿಪಿಯ ದೊಡ್ಡ ಗುಣವೆಂದು ಹೊಗಳುವುದು ಸರಿಯೇ. ಈ ಒಂದು ಶಬ್ದದ ಮಟ್ಟಿಗೆ ಆ ಗುಣವೇ ತೊಡಕಾಗಿದೆ.

ಈ ತೊಡಕಿನ ಸುತ್ತ ಎರಡು ಬಗೆಯ ವಾದಗಳು ಬೆಳೆದಿವೆ. ‘ಜಗದ್ಗುರು’ ಎಂದು ಕರೆಸಿಕೊಂಡ ಅರಸನಿಟ್ಟ ಹೆಸರು ಭಾರತೀಯ ರಸಸಿದ್ಧಾಂತದ್ದೇ, ಪಾರಸಿಯ ಅರ್ಥ ದರ್ಬಾರಿನ ಹೊಗಳುಭಟರು ಆಮೇಲೆ ಹಚ್ಚಿದ್ದು ಎಂಬುದು ಒಂದು. ‘ನೌರಸ’ ಪಾರಸಿ ಸಂಪ್ರದಾಯದ ಶಬ್ದ, ಒಂಬತ್ತು ರಸಗಳ ಅರ್ಥ ಸ್ಥಳೀಯರ ಕಿವಿಯ ಸೃಷ್ಟಿ ಎಂಬುದು ಇನ್ನೊಂದು. ಎರಡೂ ಜುಹೂರಿಯ ಸಾಕ್ಷ್ಯವನ್ನು ಅರ್ಧ ಓದಿ ಬಿಟ್ಟ ವಾದಗಳು. ಮೊದಲನೆಯದು ಸ್ವಲ್ಪ ಹೆಚ್ಚು ಬಲವುಳ್ಳದ್ದೆಂಬುದನ್ನು ಒಪ್ಪಬೇಕು: ಕೃತಿಯ ಭಾಷೆ ದಖನಿ, ವಿಷಯ ಸಂಗೀತ. ಆದರೆ ಬಲವಾದ ಅರ್ಥವೊಂದಿದೆ ಎಂದ ಮಾತ್ರಕ್ಕೆ ಶ್ಲೇಷ ಇಲ್ಲವೆಂದಾಗುವುದಿಲ್ಲ. ಎರಡರ್ಥವಿಲ್ಲದೆ ಶ್ಲೇಷವೇ ಇಲ್ಲ. ‘ನವರಸ’ ಎಂದು ಬರೆದಾಗ ಹೊಸತನದ ಅರ್ಥ ಪೂರ್ತಿ ಹೋಗುವುದೂ ಇಲ್ಲ, ಸಂಸ್ಕೃತದ ‘ನವ’ ಅದನ್ನು ಹೊತ್ತುಕೊಂಡಿರುತ್ತದೆ. ಹೋಗುವುದು ‘ಮಾಗಿ ಬಂದದ್ದು’ ಎಂಬ ಪಾರಸಿ ಧಾತುವಿನ ಅರ್ಥ. ಇತ್ತ ‘ನೌರಸ’ ಎಂದು ಬರೆದರೆ ದಖನಿ ಬಲ್ಲವನಿಗೆ ಒಂಬತ್ತರ ಅರ್ಥ ಉಳಿಯುತ್ತದೆ, ಕನ್ನಡ ಮಾತ್ರ ಬಲ್ಲವನಿಗೆ ಎರಡೂ ಉಳಿಯುವುದಿಲ್ಲ. ಅವನಿಗೆ ‘ನೌ’ ಎಂದರೆ ನೌಕೆ ನೆನಪಾದೀತು, ಇಲ್ಲವೆ ನೌಕರ.

ಧ್ವನಿಯ ಸಾಮ್ಯವನ್ನು ಹಿಡಿದು ಹೊರಡುವವರಿಗೆ ಇಲ್ಲಿ ಎಚ್ಚರಿಕೆ ಬೇಕು. ‘ನೌಕರ’ ಶಬ್ದ ಪಾರಸಿಯ ಮೂಲಕ ಬಂದಿದ್ದರೂ ಅದರಲ್ಲಿ ‘ಹೊಸ’ ಎಂಬ ‘ನೌ’ ಇಲ್ಲ. ಅದು ಮಂಗೋಲ ಮೂಲದ್ದು, ಒಡನಾಡಿ ಎಂಬರ್ಥದ ಶಬ್ದದಿಂದ ಬಂದದ್ದು. ‘ನೌಬತ್ತು’ ಅರಬ್ಬಿಯದು, ಸರದಿ ಎಂಬುದು ಅದರ ಮೂಲಾರ್ಥ. ‘ನೌಕೆ’ ಸಂಸ್ಕೃತದ್ದು, ಅದರ ಲ್ಯಾಟಿನ್ ಬಂಧು ‘ನೊವುಸ್’ ಅಲ್ಲ, ‘ನಾವಿಸ್’. ಮರಾಠಿಯ ‘ನವಲ’ ಮಾತ್ರ ನಿಜವಾಗಿಯೂ ಈ ಕುಲಕ್ಕೆ ಸೇರಿದ್ದು. ಸೋಜಿಗ ಎಂಬ ಅದರ ಅರ್ಥ ಲ್ಯಾಟಿನ್ನಿನ ‘ನೊವುಸ್’ ತಾಳಿದ ‘ಕೇಳರಿಯದ’ ಎಂಬ ಅರ್ಥಕ್ಕೆ ಎಷ್ಟು ಸಮೀಪವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಊರ ಹೆಸರುಗಳಲ್ಲಿ ಈ ಗುಣವಾಚಕ ಹೇಗೆ ವರ್ತಿಸುತ್ತದೆಂಬುದಕ್ಕೆ ಆದಿಲಶಾಹಿ ಸೀಮೆಯ ಅಂಚಿನಲ್ಲಿಯೇ ಒಂದು ಲ್ಯಾಟಿನ್ ಸಂತತಿಯ ನಿದರ್ಶನ ಸಿಗುತ್ತದೆ. 1510ರಲ್ಲಿ ಬಿಜಾಪುರದ ಕೈಯಿಂದ ಗೋವೆಯನ್ನು ಕಸಿದುಕೊಂಡ ಪೋರ್ಚುಗೀಜರು 18ನೆಯ ಶತಮಾನದಲ್ಲಿ ಫೋಂಡಾ, ಸತ್ತರಿ, ಕಾಣಕೋಣ ಮೊದಲಾದ ಭಾಗಗಳನ್ನು ಸೇರಿಸಿಕೊಂಡಾಗ ಅವನ್ನು ‘ನೋವಾಸ್ ಕೊಂಕಿಸ್ತಾಸ್’, ಅಂದರೆ ‘ಹೊಸ ಗೆಲುವುಗಳು’ ಎಂದು ಕರೆದರು. 1961ರಲ್ಲಿ ಪೋರ್ಚುಗೀಜರ ಆಳ್ವಿಕೆ ಮುಗಿಯುವವರೆಗೂ ಅವು ‘ಹೊಸ’ವಾಗಿಯೇ ಉಳಿದವು. ಹೊಸಪೇಟೆಯೂ ಹೊಸಕೋಟೆಯೂ ಹಾಗೆಯೇ. ನಗರದಲ್ಲಿ ‘ನವಬಾಗ’ ಎಂಬ ಹೆಸರನ್ನು ಕೇಳಿದವನು ಹೊಸ ತೋಟವೆಂದು ತಿಳಿಯಬೇಕೋ ಒಂಬತ್ತು ತೋಟವೆಂದು ತಿಳಿಯಬೇಕೋ ಎಂದು ಒಂದು ಕ್ಷಣ ನಿಲ್ಲಬಹುದು. ಬಬಲೇಶ್ವರದ ಭಾಗದ ಮಮದಾಪುರದಲ್ಲಿ ಕನ್ನಡದ ನಾಲಗೆ ಇನ್ನೊಂದು ದಾರಿ ಹಿಡಿದಿದೆ. ದೊಡ್ಡ ಕೆರೆಗೆ ಹೆಸರಾದ ಆ ಊರು ಗೋಲಗುಮ್ಮಟವನ್ನು ಕಟ್ಟಿಸಿದ ಮಹಮ್ಮದ ಆದಿಲಶಾಹನ ಹೆಸರಿನದು. ಜನ ಅದನ್ನು ಅನುವಾದಿಸಲಿಲ್ಲ, ತಿದ್ದಲಿಲ್ಲ. ತಮ್ಮ ಉಚ್ಚಾರಣೆಗೆ ಒಗ್ಗಿಸಿಕೊಂಡರು. ಅಲ್ಲಿ ಅರ್ಥದ ಜಗಳವಿಲ್ಲ, ಏಕೆಂದರೆ ಗುಣವಾಚಕವಿಲ್ಲ.

ಬಿಜಾಪುರವು 2014ರ ನವೆಂಬರ್ 1ರಂದು ಅಧಿಕೃತವಾಗಿ ವಿಜಯಪುರವಾದಾಗ ಅಲ್ಲಿಯೂ ಆಯ್ಕೆಯ ಪ್ರಶ್ನೆ ಸುಲಭವಿತ್ತು. ಎರಡನೆಯ ರೂಪವೇ ಮೂಲ, ಮೊದಲನೆಯದು ಅದರ ಸವೆದ ರೂಪ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಅರ್ಥವೇನೂ ಕಳೆಯಲಿಲ್ಲ. (ಆ ತಿಂಗಳ ಹೆಸರಿನಲ್ಲೇ ‘ನೊವೆಮ್’ ಇದೆ, ರೋಮಿನ ಹಳೆಯ ಪಂಚಾಂಗದಲ್ಲಿ ಅದು ಒಂಬತ್ತನೆಯ ತಿಂಗಳು.) ನವರಸಪುರದ ಪ್ರಶ್ನೆಯನ್ನು ಈ ಮಾದರಿಯಲ್ಲಿ ಬಗೆಹರಿಸಲು ಬಾರದು. ಅಲ್ಲಿ ಒಂದು ರೂಪ ಮೂಲ, ಇನ್ನೊಂದು ಅಪಭ್ರಂಶ ಎಂಬ ಸಂಬಂಧವಿಲ್ಲ.

ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರವು ಎಂ.ಎಂ. ಕಲಬುರ್ಗಿಯವರ ಮಾರ್ಗದರ್ಶನದಲ್ಲಿ ಆದಿಲಶಾಹಿ ಕಾಲದ ಪಾರಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರಿಸಿದ ಮೇಲೆ ಈ ಪ್ರಶ್ನೆ ಕೇವಲ ಪಂಡಿತರದಾಗಿ ಉಳಿದಿಲ್ಲ. ಪಾರಸಿ ಓದಲಾರದ ಕನ್ನಡ ವಿದ್ಯಾರ್ಥಿಗೆ ಈಗ ಅನುವಾದವೇ ಆಕರ. ಅನುವಾದದಲ್ಲಿ ಶೀರ್ಷಿಕೆ ‘ನವರಸ’ ಎಂದು ಮಾತ್ರ ಅಚ್ಚಾದರೆ ಜುಹೂರಿಯ ಮುನ್ನುಡಿಯ ಆ ಮುಖ್ಯ ವಾಕ್ಯವೇ ಅವನಿಗೆ ಅಸಂಬದ್ಧವಾಗಿ ಕಾಣುತ್ತದೆ: ಒಂಬತ್ತು ರಸಗಳ ನಡುವೆ ಹಣ್ಣು ಎಲ್ಲಿಂದ ಬಂತು? ಕೃತಿಯ ಹೆಸರಿಗೆ, ಅದನ್ನು ಪಾರಸಿ ಲೇಖಕರು ಎತ್ತಿಕೊಳ್ಳುವ ಎಡೆಗಳಿಗೆ ‘ನೌರಸ’ ಎಂದೂ ಜನಬಳಕೆಯಲ್ಲಿ ನೆಲೆನಿಂತಿರುವ ಊರಿಗೆ ‘ನವರಸಪುರ’ ಎಂದೂ ಉಳಿಸಿಕೊಂಡು, ಮೊದಲ ಬಾರಿಗೆ ಬಂದಲ್ಲಿ ಎರಡೂ ಒಂದೇ ಶಬ್ದವೆಂದು ತಿಳಿಸುವುದು ಹೆಚ್ಚು ನ್ಯಾಯವಾದ ಕ್ರಮ. ಏಕರೂಪತೆಗಾಗಿ ಎಲ್ಲೆಡೆ ಒಂದನ್ನೇ ಹಾಕುವ ಸಂಪಾದನಾ ಶಿಸ್ತು ಇಲ್ಲಿ ಪಾಠಕ್ಕೆ ಹಾನಿ ಮಾಡುತ್ತದೆ.

ಹೊಸ ಹಣ್ಣೆಂದು ಹೆಸರಿಟ್ಟ ನಗರಕ್ಕೆ ಹಳೆಯದಾಗುವ ಅವಕಾಶ ಸಿಗಲಿಲ್ಲ. 1624ರಲ್ಲಿ, ಭಾತವಡಿಯ ಕಾಳಗ ನಡೆದ ವರ್ಷವೇ, ಮಲಿಕ್ ಅಂಬರನ ದಂಡು ಬಂದು ಅದನ್ನು ಸೂರೆಮಾಡಿತು. ಆಗ ಅದಕ್ಕೆ ಇಪ್ಪತ್ತೈದು ವರ್ಷ. ಮೂರು ವರ್ಷಗಳ ತರುವಾಯ ಅರಸನೂ ತೀರಿಕೊಂಡನು. ಸಂಗೀತ ಮಹಲಿನ ಕಮಾನಿನಿಂದ ಮುಂದೆ ತಿಕೋಟೆಯ ಕಡೆಗೆ ಹೋದರೆ ಈಗ ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯ ಹಂದರಗಳು ಕಾಣುತ್ತವೆ. ಅಲ್ಲಿಯ ತೋಟಗಳಲ್ಲಿ ಮೊದಲ ಕೊಯ್ಲಿನ ಹಣ್ಣಿಗೆ ‘ಹೊಸ ಮಾಲು’ ಎನ್ನುತ್ತಾರೆ.